ಸೆಂಟರ್ ಸ್ಪೀಕರ್ ಮಾರುತ್ತಿದ್ದ ಅಕ್ಕ

ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿದ್ದ ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರು ಮಾರುತ್ತಾರೆ. ಹೋದ ವಾರ ಅದರ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ವಯಸ್ಸಾದವರೊಬ್ಬರು ಬಂದು, ಟಿ.ವಿ.ಗೆ ಹಾಕುವ ಸ್ಪೀಕರಿನ ಅಂಗಡಿ ಇಲ್ಲೇ ಇತ್ತಲ್ಲ ಎಂದು ವಿಚಾರಿಸಿದರು. "ಆ ಕಿವುಡಮ್ಮನ ಅಂಗಡೀನಾ? ಖಾಲಿ ಮಾಡ್ಕೊಂಡು ಓದ್ರು" ಎಂದ ಹೊಸ ಅಂಗಡಿಯವನು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಬಸ್ಸು ಹತ್ತಿ ಕೂತ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಇಷ್ಟು ವರ್ಷ ಆ ರಸ್ತೆಯಲ್ಲಿ ಕೂತು ಜನರ ಕಿವಿ ಕಾದ ಹೆಂಗಸಿನ ಗುರುತು ಇಷ್ಟೇ ಆಗಿ ಉಳಿಯಬಾರದು ಅನ್ನಿಸಿತು. ಅವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ನಾನು ಆಂಡರ್ಸನ್‌ಪೇಟೆಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ನಮ್ಮವರದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮೂರು ವರ್ಷದ ಹಿಂದೆ ಅವರು ಆಸೆಪಟ್ಟು ಹೋಂ ಥಿಯೇಟರ್ ತಂದು ಹಾಲ್‌ನಲ್ಲಿ ಕೂರಿಸಿದರು. ಎದುರಿಗೆ ಎರಡು ಸ್ಪೀಕರು, ಬೆನ್ನ ಹಿಂದೆ ಎರಡು, ಟಿ.ವಿ.ಯ ಕೆಳಗೆ ನಡುವೆ ಒಂದು. ಆ ನಡುವಿನದೇ ಸೆಂಟರ್ ಸ್ಪೀಕರ್. ಹಾಡು, ಹೊಡೆದಾಟ, ಗುಡುಗು ಎಲ್ಲ ಉಳಿದ ನಾಲ್ಕರಲ್ಲಿ ಹಂಚಿಹೋದರೆ, ಪಾತ್ರಗಳು ಆಡುವ ಮಾತು ಹೆಚ್ಚುಪಾಲು ಬರುವುದು ಇದೊಂದರಿಂದಲೇ. ಈ ಸಂಗತಿ ನಾನು ತಿಳಿದುಕೊಂಡದ್ದು ಮಾತು ಕೇಳಿಸದಾದ ಮೇಲೆ.

ತಂದ ತಿಂಗಳೊಳಗೇ ಒಂದು ನೆಗಡಿ ಬಂದು ಹೋಯಿತು. ಅದರ ಹಿಂದೆಯೇ ಸಿನಿಮಾದವರ ಮಾತು ನನಗೆ ಕಲಸಿಹೋಗತೊಡಗಿತು. ಸೌಂಡ್ ಜಾಸ್ತಿ ಮಾಡಿ ಎಂದರೆ ನಮ್ಮವರು, ಇನ್ನೆಷ್ಟು ಮಾಡಲಿ, ಪಕ್ಕದ ಮನೆಯವರು ಬರುತ್ತಾರೆ ಎನ್ನುತ್ತಿದ್ದರು. ಅವರಿಗೆ ಎಲ್ಲ ಸರಿಯಾಗಿಯೇ ಕೇಳುತ್ತಿತ್ತು. ನಾನು ನೆಟ್ಟಿನಲ್ಲಿ ಹುಡುಕಿದೆ. ಮಾತು ಸ್ಪಷ್ಟವಾಗಿಲ್ಲದಿದ್ದರೆ ಸೆಂಟರ್ ಸ್ಪೀಕರ್ ಬದಲಿಸಿ ಎಂದು ಹತ್ತು ಜನ ಹೇಳಿದ್ದರು. ಕಿವಿಯೊಳಗೆ ಹಳೇ ಟ್ಯೂಬ್‌ಲೈಟಿನ ಹಾಗೆ ಗುಂಯ್ ಎನ್ನುವ ಸದ್ದೊಂದು ಇತ್ತು. ಅದನ್ನು ನೆಗಡಿಯ ಲೆಕ್ಕಕ್ಕೆ ಹಾಕಿದೆ. ತರಗತಿಯಲ್ಲಿ ಎಡಸಾಲಿನ ಹುಡುಗಿಯೊಬ್ಬಳನ್ನು, ಕೇಳಿದ ಪ್ರಶ್ನೆಗೆ ಬಾಯಿ ಬಿಡುವುದಿಲ್ಲವೆಂದು ಎರಡು ದಿನ ನಿಲ್ಲಿಸಿದ್ದೆ. ಎರಡನೆಯ ದಿನ ಅವಳು ಅತ್ತಳು. ಪಕ್ಕದವಳು ಎದ್ದು, ಅವಳು ಉತ್ತರ ಹೇಳಿದಳು ಮಿಸ್, ಎರಡು ಸಲ ಹೇಳಿದಳು ಎಂದಳು. ಸಣ್ಣ ದನಿಯಲ್ಲಿ ಹೇಳಿದರೆ ಯಾರಿಗೆ ಕೇಳಿಸುತ್ತದೆ ಎಂದು ಅವಳಿಗೂ ಗದರಿಬಿಟ್ಟೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಬಂಗಾರಪೇಟೆಗೆ ಹೋದೆ. ಆ ಅಂಗಡಿಯ ಹೆಸರು ಹೇಳಿದವರು ಒಂದು ಎಚ್ಚರಿಕೆಯನ್ನೂ ಹೇಳಿದ್ದರು: ಆಯಮ್ಮ ಸಾಮಾನು ಕೊಡುವುದಕ್ಕಿಂತ ಕೊಡದೆ ಕಳಿಸುವುದೇ ಹೆಚ್ಚು.

ಐವತ್ತರ ಆಸುಪಾಸಿನ ಹೆಂಗಸು, ಬಿಗಿಯಾಗಿ ಎಳೆದು ಕಟ್ಟಿದ ತುರುಬು. ಕುರ್ಚಿಯನ್ನು ಅಂಗಡಿಯ ಎಡಗೋಡೆಗೆ ಒತ್ತಿ ಹಾಕಿಕೊಂಡು ಕೂತಿದ್ದರು. ನಾನು ಮಾತು ಶುರು ಮಾಡುವಷ್ಟರಲ್ಲಿ ಎದ್ದು ಬಂದು, ಮೊಳಕೈ ಹಿಡಿದು ತಮ್ಮ ಬಲಗಡೆಗೆ ನಿಲ್ಲಿಸಿಕೊಂಡರು. ಅಲ್ಲಿಗೆ ಬಂದ ಪ್ರತಿಯೊಬ್ಬರನ್ನೂ ಅವರು ಹೀಗೆ ಸರಿಸುತ್ತಿದ್ದರೆಂದು ಆಮೇಲೆ ನೋಡಿದೆ. ಗಂಡಸರಾದರೆ ಕೈ ಹಿಡಿಯುತ್ತಿರಲಿಲ್ಲ, ಸ್ಟೂಲು ಎಳೆದು ಆ ಕಡೆಗೇ ಹಾಕುತ್ತಿದ್ದರು.

ಬೇರೆ ಅಂಗಡಿಗಳಲ್ಲಿ ನೆಲ ನಡುಗುವ ಹಾಡು ಹಾಕಿ ತೋರಿಸುತ್ತಾರೆ. ಅಕ್ಕ ಹಾಕುತ್ತಿದ್ದುದು ವಾರ್ತೆ. ಒಬ್ಬ ಗಂಡಸು, ಒಬ್ಬ ಹೆಂಗಸು ಓದುವ ವಾರ್ತೆ, ಅದೂ ಸಣ್ಣಗೆ. "ಆಡು ಯಾವ ಡಬ್ಬದಾಗೂ ಚೆನ್ನಾಗೇ ಇರ್ತದೆ. ಮಾತು ನಿಂತ್ಕೋಬೇಕು" ಎನ್ನುತ್ತಿದ್ದರು. ನಮ್ಮ ಕಡೆಯವರ ಬಾಯಲ್ಲಿ ಹಾಡು ಆಡಾಗುತ್ತದೆ. ಕೊಳ್ಳಲು ಬಂದವರ ಕೈಗೆ ಮೊದಲು ಒಂದು ಕಾಗದ ಕೊಟ್ಟು, ಮನೆಯ ಹಾಲ್‌ನ ನಕ್ಷೆ ಬರೆಸುತ್ತಿದ್ದರು. ಬಾಗಿಲೆಲ್ಲಿ, ಫ್ಯಾನೆಲ್ಲಿ, ಯಾರು ಎಲ್ಲಿ ಕೂರುತ್ತೀರಿ, ಮನೆಯಲ್ಲಿ ಯಾರಿಗೆ ಕೇಳಿಸುವುದು ಕಡಿಮೆ. ಗಣಿಯಲ್ಲಿ ದುಡಿದು ಕಿವಿ ಮಂದವಾದ ತಾತಂದಿರು ಕೆ.ಜಿ.ಎಫ್.ನ ಎಷ್ಟೋ ಮನೆಗಳಲ್ಲಿದ್ದಾರಲ್ಲ. ಎದುರಿನ ಎರಡು ಸ್ಪೀಕರು ಯಾವ ಕಂಪನಿಯವೋ ನಡುವಿನದೂ ಅದೇ ಇರಬೇಕು, ಇಲ್ಲದಿದ್ದರೆ ನಡೆಯುತ್ತ ಮಾತಾಡುವವನ ದನಿ ನಡುದಾರಿಯಲ್ಲಿ ಬೇರೆಯವನದಾಗುತ್ತದೆ ಎಂದು ವಿವರಿಸುತ್ತಿದ್ದರು. ಗಿರಾಕಿ ಹಟ ಹಿಡಿದರೆ, ನಿಮ್ಮಿಷ್ಟ ಬಂದದ್ದು ಬೇರೆ ಕಡೆ ಸಿಗುತ್ತದೆ, ಹೋಗಿ ಬನ್ನಿ ಎಂದು ಬಾಗಿಲು ತೋರಿಸುತ್ತಿದ್ದರು.

ನಾನೂ ಕಾಗದದ ಮೇಲೆ ಹಾಲ್‌ನ ನಕ್ಷೆ ಬರೆದೆ. ಆಮೇಲೆ ದೂರು ಹೇಳಿದೆ. "ಮಾತು ನಡುವಿನಿಂದ ಬರ್ತಾ ಇಲ್ಲ ಅಕ್ಕ. ಎಲ್ಲಾ ಬಲಗಡೆ ಮೂಲೆಯಿಂದ ಬಂದ ಹಾಗಿರುತ್ತೆ."

ಅವರು ಕಾಗದ ಪಕ್ಕಕ್ಕಿಟ್ಟರು. ಎಷ್ಟು ದಿನದಿಂದ ಎಂದು ಕೇಳಿದರು. ಐದು ದಿನ ಎಂದೆ. ಯಜಮಾನರಿಗೂ ಹಾಗೇ ಕೇಳಿಸುತ್ತದೆಯೇ ಎಂದರು. ಇಲ್ಲ ಎಂದೆ.

ಅಕ್ಕ ನನ್ನನ್ನು ತಿರುಗುವ ಸ್ಟೂಲಿನ ಮೇಲೆ ಕೂರಿಸಿದರು. ಗೋಡೆಯ ಹಲಗೆಯ ಮೇಲೆ ಮೂರು ಸೆಂಟರ್ ಸ್ಪೀಕರುಗಳಿದ್ದವು. ಕಣ್ಣು ಮುಚ್ಚಿ, ಯಾವುದು ಮಾತಾಡುತ್ತದೋ ಅದರ ಕಡೆ ಬೆರಳು ತೋರಿಸಿ ಎಂದರು. ವಾರ್ತೆ ಶುರುವಾಯಿತು. ಮೂರು ಸಲ ತೋರಿಸಿದೆ, ಮೂರು ಸಲವೂ ಬಲಗಡೆಗೇ. ಕಣ್ಣು ಬಿಟ್ಟಾಗ ಮಾತು ಬರುತ್ತಿದ್ದುದು ಎಡಗಡೆಯ ಪೆಟ್ಟಿಗೆಯಿಂದ. ಸ್ವಿಚ್ಚಿನ ದೀಪ ಉರಿಯುತ್ತಿದ್ದುದು ಅದಕ್ಕೊಂದಕ್ಕೇ.

ನನ್ನ ನಂಬರ್ ಕೇಳಿ ಫೋನ್ ಮಾಡಿದರು. ಎಡಗಿವಿಗೆ ಇಟ್ಟುಕೊಳ್ಳಿ ಎಂದು ಹೇಳಿ ತಾವು ಬಾಗಿಲ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ನಾನು ಕಾದೆ. ಫೋನು ಸತ್ತಹಾಗಿತ್ತು. ಬಲಗಿವಿಗೆ ಬದಲಿಸಿದೆ. ಅಕ್ಕ ಮಾತಾಡುತ್ತಲೇ ಇದ್ದರು.

ಅವರು ಒಳಗೆ ಬಂದು ದೀಪ ಆರಿಸಿದರು, ಚೀಲ ತೆಗೆದುಕೊಂಡರು. ಕೋಲಾರದ ದೊಡ್ಡಾಸ್ಪತ್ರೆಗೆ ಈಗಲೇ ಹೊರಡೋಣ ಎಂದರು. ನಾಳೆ ಟೆಸ್ಟಿದೆ, ಪೇಪರು ತಿದ್ದುವುದಿದೆ, ನೆಗಡಿ ತಾನೇ, ಭಾನುವಾರ ಹೋಗುತ್ತೇನೆ ಎಂದು ನಾನು ಹೇಳುತ್ತಿದ್ದೆ. ಅಕ್ಕ ಶಟರ್ ಅರ್ಧ ಎಳೆದವರು ನಿಂತು ನನ್ನ ಕಡೆ ತಿರುಗಿದರು.

"ಭಾನುವಾರ ಅನ್ಬೇಡಿ ಟೀಚರಮ್ಮಾ. ನಾನೂ ಮದುವೆ ಕಳೀಲಿ ಅಂದಿದ್ದೆ."

ಆ ಮಾತು ಅರ್ಥವಾದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ. ಅಕ್ಕನ ಊರು ಕಾಮಸಮುದ್ರದ ಕಡೆಯ ಒಂದು ಹಳ್ಳಿ. ಹತ್ತೊಂಬತ್ತು ವರ್ಷದವರಿದ್ದಾಗ, ಅಣ್ಣನ ಮದುವೆಗೆ ಮನೆ ಸಾರಿಸುತ್ತಿದ್ದ ದಿನ ಬೆಳಿಗ್ಗೆ, ಎಡಗಿವಿ ಮುಚ್ಚಿಕೊಂಡಿತು. ಮನೆಯ ಹೆಂಗಸರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟರು, ಆವಿ ಹಿಡಿಸಿದರು. ಮದುವೆ ಮುಗಿಯಲಿ, ಕರೆದುಕೊಂಡು ಹೋಗೋಣ ಎಂದರು, ಅಕ್ಕನೂ ಒಪ್ಪಿದರು. ಮದುವೆ ಮುಗಿದು, ನೆಂಟರು ಹೊರಟು, ಕೋಲಾರಕ್ಕೆ ಬರುವ ಹೊತ್ತಿಗೆ ಇಪ್ಪತ್ತೆರಡು ದಿನ. ಮೊದಲ ವಾರದಲ್ಲಿ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ ಡಾಕ್ಟರು. ಎಡಗಿವಿ ಮತ್ತೆ ತೆರೆಯಲಿಲ್ಲ. ಅಣ್ಣನಿಗೆ ಮಾತ್ರ, ನೊಂದುಕೊಳ್ಳದಿರಲೆಂದು, ಮದುವೆಯಾದ ಮೇಲೆ ಹೀಗಾಯಿತೆಂದು ಹೇಳಿಟ್ಟಿದ್ದರು. ಆಮೇಲೆ ಬಂಗಾರಪೇಟೆಯಲ್ಲಿ ಸ್ಪೀಕರ್ ಮಾರುವವರೊಬ್ಬರನ್ನು ಮದುವೆಯಾದರು. ಅವರು ತೀರಿಕೊಂಡ ಮೇಲೆ ಅಂಗಡಿಯಲ್ಲಿ ತಾವೇ ಕೂತರು. ಒಂದು ಕಿವಿಯವರಿಗೆ ಎಡಬಲದ ಸ್ಪೀಕರುಗಳ ಆಟ ತಿಳಿಯುವುದಿಲ್ಲವಾದ್ದರಿಂದ ಮಾತಿನ ಪೆಟ್ಟಿಗೆಯನ್ನೇ ಚೆನ್ನಾಗಿ ಕಲಿತೆ ಎಂದರು.

ನನ್ನನ್ನು ಪರೀಕ್ಷಿಸಿದ ಡಾಕ್ಟರಮ್ಮ, ಒಳಗಿವಿಯ ನರಕ್ಕೆ ಪೆಟ್ಟಾಗಿದೆ, ಐದನೆಯ ದಿನ ಬಂದದ್ದು ಒಳ್ಳೆಯದಾಯಿತು, ಆದರೆ ಬರುತ್ತದೆಂದು ಮಾತು ಕೊಡಲಾರೆ ಎಂದರು. ಮಾತ್ರೆ ಕೊಟ್ಟರು, ಕಿವಿಗೆ ಸೂಜಿ ಹಾಕಿದರು. ಎರಡು ವಾರ ಕಾಯಬೇಕಿತ್ತು.

ಆ ಎರಡು ವಾರ ನಾನು ಹೇಗಿದ್ದೆನೋ. ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಐವತ್ತು ಮಕ್ಕಳ ಗಲಾಟೆ ಒಂದೇ ಗೋಡೆಯಿಂದ ಬಂದ ಹಾಗಿರುತ್ತಿತ್ತು. ಅತ್ತ ಹುಡುಗಿಯ ಮುಂದೆ ನಿಂತು, ತಪ್ಪು ನಿನ್ನದಲ್ಲ ನನ್ನದು ಎಂದು ಹೇಳಲು ಮೂರು ದಿನ ಹಿಡಿಯಿತು. ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನು. ಎಡಗಿವಿಗೆ ಇಟ್ಟುಕೊಳ್ಳಬೇಕು, ಅವರೊಂದು ಸಂಖ್ಯೆ ಹೇಳುತ್ತಾರೆ, ನಾನು ತಿರುಗಿ ಹೇಳಬೇಕು. ಎಂಟು ದಿನ ಏನೂ ಇಲ್ಲ. ನಾನು ಸುಮ್ಮನೆ ಉಸಿರಾಡುವುದನ್ನು ಕೇಳಿ ಅಕ್ಕ ಫೋನಿಡುತ್ತಿದ್ದರು. ಒಂದು ದಿನ ಮರ್ಯಾದೆಗೆ ಊಹಿಸಿ ನಾಲ್ಕು ಎಂದುಬಿಟ್ಟೆ. ಆ ದಿನ ಅವರು ಏನೂ ಹೇಳಿರಲಿಲ್ಲವಂತೆ. ಚೆನ್ನಾಗಿ ಬೈದು ಮೆಸೇಜು ಹಾಕಿದರು. ಒಂಬತ್ತನೆಯ ಬೆಳಿಗ್ಗೆ, ಬಾವಿಯ ತಳದಿಂದ ಬಂದ ಹಾಗೆ, "ಏಳು" ಎಂಬುದು ಕೇಳಿಸಿತು. ಏಳು ಎಂದೆ. ಅಕ್ಕನ ಕಡೆಯಿಂದ ಸದ್ದಿಲ್ಲ. ಗಾಬರಿಯಾಗಿ ಬಲಗಿವಿಗೆ ಇಟ್ಟುಕೊಂಡೆ. ಅಳುತ್ತಿದ್ದರು.

ನನ್ನ ಎಡಗಿವಿ ಮುಕ್ಕಾಲು ಪಾಲು ವಾಪಸು ಬಂತು. ತಿಂಗಳ ಮೇಲೆ ಅಕ್ಕ ತಾವೇ ನಮ್ಮ ಮನೆಗೆ ಬಂದರು. ನಮ್ಮವರು ಸೆಂಟರ್ ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ, ಗೊಂಬೆಗಳ ಹಿಂದೆ ತುರುಕಿದ್ದರು. ಅದನ್ನು ಎಳೆದು ಹಲಗೆಯ ಅಂಚಿಗೆ ತಂದು, ಕೂತವರ ಮುಖದ ಕಡೆ ಮೂತಿ ಎತ್ತಿ ಕೂರಿಸಿ ಕೇಳಿದರು. ದನಿ ಹಗುರ, ಸಾಲದು ಎಂದರು. ಎದುರಿನ ಜೋಡಿಗೆ ಒಪ್ಪುವ ದೊಡ್ಡದೊಂದನ್ನು ತಂದಿದ್ದರು, ಅದನ್ನು ಇಟ್ಟರು. ವಾರ್ತೆ ಹಾಕಿ ನನ್ನ ಮುಖ ನೋಡುತ್ತ ನಡುವಿನ ದನಿಯನ್ನು ಒಂದೊಂದೇ ಮೆಟ್ಟಿಲು ಏರಿಸಿದರು. ಕೊನೆಗೆ ಸೋಫಾದ ನಡುವೆ ಆರಾಮಾಗಿ ಕೂತಿದ್ದ ನಮ್ಮವರನ್ನು ಎಬ್ಬಿಸಿದರು. "ನಡುವಿನ ಜಾಗ ಯಾರಿಗೆ ಕಮ್ಮಿ ಕೇಳಿಸ್ತದೋ ಅವರ್ದು ಸಾಮಿ. ನೀವು ಎಲ್ಲಿ ಕೂತ್ರೂ ನಡೀತದೆ." ನಮ್ಮವರು ಈಗಲೂ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ.

ಅಕ್ಕನಿಗೆ ಉಳಿದದ್ದು ಬಲಗಿವಿಯೊಂದು. ಅದರ ಭಯ ಅವರನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ದೀಪಾವಳಿಯ ಮೂರು ದಿನ ಹತ್ತಿ ತುರುಕಿಕೊಂಡು ಬಾಗಿಲು ಹಾಕಿ ಕೂರುತ್ತಿದ್ದರು. ಯಾರೇ ಸೀನಿದರೂ ಎದ್ದು ದೂರ ಹೋಗುತ್ತಿದ್ದರು. ಬೆಳಿಗ್ಗೆ ಎಚ್ಚರವಾದಾಗ ಕಣ್ಣು ತೆರೆಯದೆ, ಸ್ಟೇಷನ್ನಿನಲ್ಲಿ ರೈಲು ಕೂಗುವವರೆಗೆ ಹಾಗೇ ಮಲಗಿರುತ್ತೇನೆ, ಕೂಗಿದ್ದು ಕೇಳಿದ ಮೇಲೇ ಏಳುವುದು ಎಂದಿದ್ದರು.

ಆ ಭಯವನ್ನು ಅವರು ನನಗೂ ಹಂಚಿದರು. ಕಿವಿ ಸರಿಹೋದ ಮೇಲೂ ವಾರಕ್ಕೆರಡು ಸಲ ಫೋನು. ಎಡಗಿವಿಯಲ್ಲಿ ಹೇಗಿದೆ, ನೆಗಡಿಯಾಯಿತೆ, ಕಿವಿಯ ಪರೀಕ್ಷೆಗೆ ಹೋದಿರಾ. ಮೊದಮೊದಲು ಪ್ರೀತಿಯಿಂದ ಉತ್ತರಿಸುತ್ತಿದ್ದೆ. ಆಮೇಲೆ, ಮರೆತು ಬದುಕೋಣವೆಂದರೆ ಈ ಹೆಂಗಸು ಬಿಡುವುದಿಲ್ಲವಲ್ಲ ಅನ್ನಿಸತೊಡಗಿತು. ಅವರ ಹೆಸರು ಕಂಡರೆ ಫೋನನ್ನು ಮಗುಚಿ ಇಡುತ್ತಿದ್ದೆ. ಕ್ಲಾಸಿನಲ್ಲಿದ್ದೆ ಎಂದು ಸಂಜೆ ಮೆಸೇಜು ಹಾಕುತ್ತಿದ್ದೆ. ಭಾನುವಾರವೂ ಒಮ್ಮೆ ಹಾಗೇ ಹಾಕಿದ್ದೆ. ಅವರು ಅದನ್ನು ಎತ್ತಿ ಆಡಲಿಲ್ಲ.

ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ, ನಮ್ಮವರು ಮೊದಲ ಶಿಫ್ಟಿಗೆ ಹೋಗಿದ್ದರು, ನಾನು ಡಬ್ಬಿಗೆ ಚಿತ್ರಾನ್ನ ಕಲಸುತ್ತಿದ್ದೆ. ಫೋನ್ ಹೊಡೆದುಕೊಂಡಿತು. ಅಕ್ಕ. ಕೈ ಒದ್ದೆಯಾಗಿದೆ ಎಂಬುದೇ ನೆಪ, ಎತ್ತಲಿಲ್ಲ. ನಿಂತು ಮತ್ತೆ ಹೊಡೆದುಕೊಂಡಿತು. ಮೂರನೆಯ ಸಲ ಯಾಕೋ ಎತ್ತಿದೆ. ಹಲೋ ಎನ್ನುವ ಮೊದಲೇ ಅವರ ಮಾತು ಶುರುವಾಗಿತ್ತು, ಬಹಳ ಜೋರಾಗಿ, ಪಾಠ ಒಪ್ಪಿಸುವವರ ಹಾಗೆ.

"ಟೀಚರಮ್ಮಾ, ನೀವು ಎತ್ತಿದ್ದೀರೋ ಇಲ್ವೋ ನಂಗೆ ಗೊತ್ತಾಗ್ತಾ ಇಲ್ಲ. ಫೋನಾಗೆ ಸೆಕೆಂಡು ಓಡ್ತಾ ಐತೆ, ಅದಕ್ಕೇ ಎತ್ತಿದ್ದೀರ ಅಂದ್ಕೊಂಡಿದ್ದೀನಿ. ಬಲಗಿವೀನೂ ಓಯ್ತು. ನೀವೇನು ಏಳಿದ್ರೂ ಕೇಳಿಸಲ್ಲ. ಮನೇಲೇ ಇದ್ದೀನಿ. ಬರೋ ಅಂಗಿದ್ರೆ ಬನ್ನಿ."

ನಾನು, ಬಂದೆ ಅಕ್ಕ, ಬಂದೆ ಎಂದು ಕೂಗಿಕೊಂಡೆ. ಅವರು ಫೋನಿಡಲಿಲ್ಲ. ಅವರ ಉಸಿರು ಕೇಳಿಸುತ್ತಿತ್ತು. ನನ್ನದು ಅವರಿಗೆ ಕೇಳಿಸುತ್ತಿಲ್ಲವೆಂಬುದು ಆಗ ತಲೆಗೆ ಹೋಯಿತು. ಕಟ್ ಮಾಡಿ, ಒದ್ದೆ ಬೆರಳಿನಲ್ಲೇ "ಬಂದೆ" ಎಂದು ಮೆಸೇಜು ಹಾಕಿದೆ.

ಬಸ್ಸು ಕಂಡಕಂಡಲ್ಲೆಲ್ಲ ನಿಂತಿತು. ಮೊದಲೆರಡು ಸಲ ಎತ್ತದೆ ಬಿಟ್ಟಾಗ ಅಕ್ಕ ಆ ಕಡೆ ಸೆಕೆಂಡು ಓಡಲೆಂದು ಫೋನನ್ನೇ ನೋಡುತ್ತ ಹೇಗೆ ಕೂತಿರಬಹುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಅಂಗಡಿಯ ಹಿಂದಿನ ಅವರ ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಚೀಲ ಕಟ್ಟಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ಸ್ಪೀಕರಿನ ರಟ್ಟಿನ ಡಬ್ಬ ಹರಿದು ಅದರ ಮೇಲೆ ಡಾಕ್ಟರಿಗೆಂದು ಬರೆದಿಟ್ಟಿದ್ದರು: ಕೊನೆಗೆ ಕೇಳಿಸಿದ್ದು ನಿನ್ನೆ ಸಂಜೆ ಕುಕ್ಕರಿನ ಕೂಗು, ಬೆಳಿಗ್ಗೆ ರೈಲು ಕೇಳಿಸಲಿಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ.ಗೆ ಇಂಥ ಮಾತ್ರೆ.

ಅದೇ ಆಸ್ಪತ್ರೆ, ಅದೇ ಡಾಕ್ಟರಮ್ಮ. ಮೊದಲ ದಿನವೇ ಬಂದದ್ದಕ್ಕೆ ಮೆಚ್ಚಿದರು, ಈ ಸಲವೂ ಮಾತು ಕೊಡಲಿಲ್ಲ. ಅಕ್ಕನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಹೊರಗೆ ಕೂತ ಹುಡುಗಿ ಗುಂಡಿ ತಿರುಗಿಸುತ್ತ ಹೋದಳು. ಅಕ್ಕನ ಬೆರಳು ತೊಡೆಯ ಮೇಲೆ ಸಿದ್ಧವಾಗಿ ಕೂತಿತ್ತು. ಏಳಲಿಲ್ಲ. ಗುಂಡಿ ಕೊನೆ ಮುಟ್ಟಿದಾಗ ಆ ಹುಡುಗಿ ನನ್ನ ಮುಖ ನೋಡದೆ ಕಾಗದದ ಮೇಲೆ ಗೆರೆ ಎಳೆದಳು.

ಅಲ್ಲೇ ಉಳಿಸಿಕೊಂಡು ಸೂಜಿ ಶುರು ಮಾಡಿದರು. ನಾನು ರಜೆ ಹಾಕಿದೆ. ಅಕ್ಕನಿಗೆ ತಮ್ಮ ದನಿಯ ಅಳತೆ ತಪ್ಪಿತ್ತು. ಗುಟ್ಟಾಗಿ ಹೇಳಿದೆ ಎಂದುಕೊಂಡದ್ದು ವಾರ್ಡಿನ ಆ ತುದಿಗೆ ಕೇಳುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ನಂಗೆ ಭಯ ಆಗ್ತಾ ಐತೆ ಟೀಚರಮ್ಮಾ" ಎಂದರು. ಇಡೀ ವಾರ್ಡು ಊಟ ನಿಲ್ಲಿಸಿ ಈ ಕಡೆ ತಿರುಗಿತು. ಎಲ್ಲರೂ ಕೇಳಿಸಿಕೊಂಡರೆಂದು ಅವರಿಗೆ ತಿಳಿಯಲೇ ಇಲ್ಲ. ಚೀಲದಲ್ಲಿದ್ದ ಲೆಕ್ಕದ ನೋಟುಬುಕ್ಕು ತೆಗೆದು, "ನಾನು ಇದ್ದೀನಿ ಅಕ್ಕ" ಎಂದು ಬರೆದು ತೋರಿಸಿದೆ. ಓದಿದರು. "ಅದು ಗೊತ್ತು. ಡಾಕ್ಟ್ರು ಏನಂದ್ರು, ಅದು ಬರೀರಿ" ಎಂದರು. ಡಾಕ್ಟರು ಏನೂ ಹೇಳಿರಲಿಲ್ಲ. ಅಕ್ಕನೇ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು.

ಕುಪ್ಪಂನಿಂದ ಅವರ ಅಣ್ಣ ಬಂದರು. ಬಹಳ ಹೊತ್ತು ಹಾಸಿಗೆಯ ಪಕ್ಕ ನಿಂತಿದ್ದರು. ಎಡಗಿವಿ ಯಾವಾಗ ಹೋಯಿತೆಂದು ಡಾಕ್ಟರಮ್ಮ ಕೇಳಿದ್ದಕ್ಕೆ ಅಣ್ಣ, ನನ್ನ ಮದುವೆಯಾದ ಮೇಲೆ ಎಂದರು. ನಾನು ಅಕ್ಕನ ಮುಖ ನೋಡಿದೆ. ಅವರಿಗೆ ಪ್ರಶ್ನೆಯೂ ಕೇಳಿರಲಿಲ್ಲ, ಉತ್ತರವೂ ಕೇಳಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.

ಆರನೆಯ ದಿನ ಗಾಜಿನ ಕೋಣೆಯಲ್ಲಿ ಬೆರಳು ಒಂದು ಸಲ ಎದ್ದಿತು. ಗುಂಡಿಯ ಹುಡುಗಿ ಇನ್ನೊಮ್ಮೆ ಅದೇ ಸದ್ದು ಕೊಟ್ಟು ನೋಡಿದಳು. ಮತ್ತೆ ಎದ್ದಿತು. ಹತ್ತನೆಯ ದಿನದ ಹೊತ್ತಿಗೆ ದಪ್ಪ ದನಿಗಳು ಒಂದಿಷ್ಟು ಬಂದಿದ್ದವು. ಇನ್ನಷ್ಟು ಬರಬಹುದು, ಬರದೆಯೂ ಇರಬಹುದು, ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಹಿಡಿಯಬಹುದು ಎಂದು ಮನೆಗೆ ಕಳಿಸಿದರು. ಅಂಗಡಿ ಇನ್ನು ಆಗುವುದಿಲ್ಲ, ಅಣ್ಣನ ಜೊತೆ ಹೋಗಬೇಕು ಎಂದು ಅಕ್ಕ ಆಸ್ಪತ್ರೆಯಲ್ಲೇ ತೀರ್ಮಾನಿಸಿದ್ದರು. ಆ ತೀರ್ಮಾನವನ್ನೂ ಇಡೀ ವಾರ್ಡು ಕೇಳಿತು.

ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಬಂಗಾರಪೇಟೆ ಬಸ್ಸು ಹತ್ತಿ ಕೂತೆವು. ಅಣ್ಣ ನೀರಿನ ಬಾಟಲಿ ತರಲು ಇಳಿದಿದ್ದರು. ನಾನು ಅಕ್ಕನ ಬಲಗಡೆಗೆ ಕೂತಿದ್ದೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ, ಸೀಟಿನ ಸಾಲಿನ ನಡುವೆ ಕೂಗುತ್ತ ಬಂದಳು. ಅಕ್ಕ ಥಟ್ಟನೆ ನನ್ನ ಮೊಣಕಾಲು ಒತ್ತಿ ಹಿಡಿದರು. ಹೇಳಬೇಡಿ ಎಂಬಂತೆ ಕೈಯಾಡಿಸಿ, ತಲೆ ತಗ್ಗಿಸಿ ಕಿವಿಗೊಟ್ಟರು. ಹೆಂಗಸು ಹತ್ತಿರ ಬಂದಾಗ ತಲೆ ಎತ್ತಿ, ಧೈರ್ಯವಾಗಿ ಕೇಳಿದರು.

"ಸೀಬೆಕಾಯಿ ಎರಡು ಕೊಡಮ್ಮಾ."

ಆ ಹೆಂಗಸು ಅಕ್ಕನನ್ನು ನೋಡಿ, ನನ್ನನ್ನು ನೋಡಿ, ಬುಟ್ಟಿ ತಗ್ಗಿಸಿದಳು. ಉದ್ದಕ್ಕೆ ಸೀಳಿ ಉಪ್ಪುಕಾರ ಹಚ್ಚಿದ ಸೌತೆಕಾಯಿ. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಬುಟ್ಟಿಯೊಳಗೆ ಇಣುಕಿದರು. ಎರಡು ತೆಗೆದುಕೊಂಡರು, ಒಂದನ್ನು ನನ್ನ ಕೈಗಿಟ್ಟರು.

"ಕಾಯಿ ಅಂದಿದ್ದು ಬಂತು, ಟೀಚರಮ್ಮಾ" ಎಂದರು, ಬಸ್ಸಿಗೆಲ್ಲ ಕೇಳುವ ಹಾಗೆ. "ಯಾವ ಕಾಯಿ ಅನ್ನೋದು ಇನ್ನೂ ಬರ್ಬೇಕು."